ಅಕ್ಟೋಬರ್ ಇಪ್ಪತ್ತನಾಲ್ಕರ ಶೀಶೆಗಳು

ಇದು ನಡೆದದ್ದು ನಡೆದ ಹಾಗೆ. ಎಲ್ಲಾದರೂ ಉಪ್ಪುಖಾರ ಹೆಚ್ಚಾಯಿತು ಅನಿಸಿದರೆ ಅದು ಬಲೋನಿ ಎಂಬ ಮಾಂಸದ ತಿಂಡಿಯದು, ಹೇಳುವವರದಲ್ಲ.

ಒಹಾಯೋದ ಆ ಪುಟ್ಟ ಊರಿನ ಔಷಧದಂಗಡಿಯಲ್ಲಿ ವರ್ನಾ ಸ್ಟಕಿ ಇಪ್ಪತ್ತೆರಡು ವರ್ಷಗಳಿಂದ ಮಾತ್ರೆ ಎಣಿಸುತ್ತಿದ್ದಳು. ತಟ್ಟೆಯ ಮೇಲೆ ಸುರಿದು, ಚಪ್ಪಟೆ ಪಟ್ಟಿಯಿಂದ ಐದೈದಾಗಿ ಸರಿಸುವುದು. ಒಂದು ದಿನವೂ ಲೆಕ್ಕ ತಪ್ಪಿದವಳಲ್ಲ. ಅವಳಿಗಿದ್ದ ಹುಚ್ಚು ಒಂದೇ, ಗೋಡೆಯ ಮೇಲಿನ ತಿಂಡಿಹಬ್ಬಗಳ ಕ್ಯಾಲೆಂಡರ್. ಕ್ರಿಸ್‌ಮಸ್ಸು, ಈಸ್ಟರು ಊರಿಗೆಲ್ಲ ಸೇರಿದ್ದು. ಪ್ಯಾನ್‌ಕೇಕ್ ದಿನ, ಉಪ್ಪಿನಕಾಯಿ ದಿನ, ಡೋನಟ್ ದಿನ ಇವೆಲ್ಲ ವರ್ನಾಳ ಸ್ವಂತ ಆಸ್ತಿ.

ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಜೋಡಿ ಹಬ್ಬ. ಒಂದು ಬಲೋನಿಯದು, ಹಿಂದಿನ ಕೋಣೆಯಲ್ಲಿ ಕರೆಂಟಿನ ಬಾಣಲೆ ಇಟ್ಟು, ಆ ಮಾಂಸದ ಬಿಲ್ಲೆ ಟೋಪಿಯ ಹಾಗೆ ಉಬ್ಬದಂತೆ ಅಂಚಿನಿಂದ ನಡುವಿಗೊಂದು ಸೀಳು ಕೊಟ್ಟು, ಹುರಿದು ಬ್ರೆಡ್ಡಿನಲ್ಲಿಟ್ಟು ಬಂದವರಿಗೆಲ್ಲ ಹಂಚುವುದು. ಇನ್ನೊಂದು, ಒಳಗೆ ಜ್ಯೇಷ್ಠಮಧು, ಹೊರಗೆ ಗುಲಾಬಿ ಅಥವಾ ಬಿಳಿ ಸಕ್ಕರೆಯ ಕವಚ ಇರುವ ಹಳೇ ಕಾಲದ ಮಿಠಾಯಿಯದು. ನೋಡಿದರೆ ಥೇಟ್ ಮಾತ್ರೆ. ಅದಕ್ಕೇ ವರ್ನಾಗೆ ಈ ವರ್ಷ ಹೊಸ ಉಪಾಯ ಹೊಳೆದಿತ್ತು. ಮಿಠಾಯಿಯನ್ನು ಔಷಧದ ಕಂದು ಶೀಶೆಗಳಿಗೇ ತುಂಬಿ, 'ದಿನಕ್ಕೆ ಎಷ್ಟಾದರೂ, ನಗುತ್ತಾ ಸೇವಿಸಿ' ಎಂದು ಅಚ್ಚು ಹಾಕಿಸಿದ ಚೀಟಿ ಅಂಟಿಸಿದ್ದಳು.

"ಬೇಡ ವರ್ನಾ," ಅಂದಿದ್ದ ಡ್ವೇನ್. ಅಂಗಡಿಯ ಫಾರ್ಮಸಿಸ್ಟ್ ಅವನೇ. ಊರಿನ ಯಾರ ದನಿಯನ್ನು ಬೇಕಾದರೂ ಗಂಟಲಲ್ಲಿ ಇಟ್ಟುಕೊಂಡು ತಿರುಗುವ ಆಸಾಮಿ. "ಒಂದಿನ ಯಾರಾದ್ರೂ ಅದಲುಬದಲು ಮಾಡ್ಕೋತಾರೆ, ನೋಡ್ತಿರು."

"ಹೋಗಯ್ಯಾ, ಸಪ್ಪೆ ಮುಖದವ್ನೇ. ಹೋದ ವರ್ಷ ಬಲೋನಿ ಅಂದ್ಕೊಂಡು ರಟ್ಟು ಕಚ್ಚಿದ್ದು ಇನ್ನೂ ಹೊಟ್ಟೇಲಿದೆ ಅಂತ ಕಾಣತ್ತೆ."

ಆ ರಟ್ಟನ್ನು ವೃತ್ತಾಕಾರ ಕತ್ತರಿಸಿ ಅವನ ಬ್ರೆಡ್ಡಿನಲ್ಲಿ ಇಟ್ಟಿದ್ದವಳು ವರ್ನಾಳೇ.

ಬೆಳಿಗ್ಗೆ ಒಂಬತ್ತಕ್ಕೆ ಎಲ್ಡಾ ಕ್ರೈಡರ್ ಬಂದಿದ್ದರು. ಎಂಬತ್ತಾರರ ಮುದುಕಿ, ವರ್ನಾಗೂ ಡ್ವೇನ್‌ಗೂ ಎರಡನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಹಿಂದಿನ ದಿನವೇ ಮಾತ್ರೆ ಮುಗಿದಿತ್ತಂತೆ. ನಡೆದು ಬಂದ ಏದುಸಿರು ಇಳಿಯಲೆಂದು ವರ್ನಾ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಗದದ ಲೋಟದಲ್ಲಿ ನೀರು ಕೊಟ್ಟು ಉಪಚರಿಸಿದ್ದಳು. ಹೋಗುವಾಗ ಕೈಗೆ ಎರಡು ಶೀಶೆ: ಅರ್ಧ ಗುಲಾಬಿ ಅರ್ಧ ಬಿಳಿಯ, ಹೃದಯದ ಮೂವತ್ತು ಮಾತ್ರೆಗಳದ್ದೊಂದು, ಹಬ್ಬದ್ದೊಂದು.

ಹನ್ನೆರಡೂವರೆಗೆ, ಡ್ವೇನ್ ಊಟಕ್ಕೆ ಹೊರಗೆ ಹೋಗಿದ್ದಾಗ, ಫೋನು ಬಂತು.

"ವರ್ನಾ, ಮಗೂ, ಮಿಸೆಸ್ ಕ್ರೈಡರ್ ಕಣೇ." ತೆಳ್ಳನೆಯ, ನಡುಗುವ ಅದೇ ದನಿ. "ಈ ಸಲದ ಹೃದಯದ ಮಾತ್ರೆ ಎಷ್ಟು ಸಿಹಿಯೇ! ನಿನ್ನ ಮಿಠಾಯಿ ಮಾತ್ರ ಯಾಕೋ ಕಹಿ. ಆದ್ರೂ ನೀನು ಪ್ರೀತಿಯಿಂದ ಕೊಟ್ಟಿದ್ದಲ್ವಾ, ಹಿಡಿಯಷ್ಟು ಅಗಿದುಬಿಟ್ಟೆ. ಕಣ್ಣು ಯಾಕೋ ಮಂಜು..."

ಕರೆ ಕಡಿದುಹೋಯಿತು.

ವರ್ನಾ ಫೋರ್ಕು ಕೆಳಗಿಟ್ಟಳು. ಹಿಡಿಯಷ್ಟು ಎಂದರೆ ಎಷ್ಟು? ಎಂಟು? ಹತ್ತು? ಎರಡೇ ಹೆಚ್ಚಾದರೂ ಆ ಮಾತ್ರೆ ಹೃದಯವನ್ನು ನಿಲ್ಲಿಸಬಲ್ಲದು. ಅದು ಅವಳಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ಎಲ್ಡಾರ ಮನೆಗೆ ಫೋನು ಮಾಡಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಆಂಬುಲೆನ್ಸ್ ಪಕ್ಕದ ಊರಿನಿಂದ ಬರಬೇಕು, ಇಪ್ಪತ್ತು ನಿಮಿಷ. ಎಲ್ಡಾರ ಮನೆ ಎರಡು ಬೀದಿ ಆಚೆ. ಬಾಣಲೆಯಲ್ಲಿ ಬಲೋನಿ ಚಟಪಟಗುಟ್ಟುತ್ತಿದ್ದ ಹಾಗೇ ವರ್ನಾ ಓಡಿದಳು.

ಐವತ್ತೆಂಟು ವರ್ಷದ ಮಂಡಿಗಳು. ಎದುರು ಸಿಕ್ಕ ಅಂಚೆಯವನು "ಹಬ್ಬದ ಶುಭಾಶಯ, ವರ್ನಾ!" ಎಂದು ಕೈಬೀಸಿದ. ಅವನ ಅಂಗಿಯ ಜೇಬಿನಲ್ಲೂ ಒಂದು ಕಂದು ಶೀಶೆ ಇಣುಕುತ್ತಿತ್ತು. ಬೆಳಿಗ್ಗೆಯಿಂದ ಎಷ್ಟು ಜನರಿಗೆ ಹಂಚಿದೆ? ನಲವತ್ತು? ಅದರಲ್ಲಿ ಕಣ್ಣು ಮಂಜಾದವರು ಎಷ್ಟು ಮಂದಿ? ದೇವರೇ, ಆ ಚೀಟಿ ಬರೆದದ್ದು ನಾನು. ಎಷ್ಟಾದರೂ, ನಗುತ್ತಾ.

ಬಾಗಿಲು ಬಡಿದಳು. ಸದ್ದಿಲ್ಲ. ಬಳಸಿಕೊಂಡು ಅಡುಗೆಮನೆಯ ಕಿಟಕಿಗೆ ಹೋಗಿ ಗಾಜಿಗೆ ಮುಖ ಒತ್ತಿದಳು. ಎಲ್ಡಾ ಮೇಜಿನ ಮೇಲೆ ಹಣೆ ಊರಿ ಬಗ್ಗಿದ್ದರು. ಬಿಳಿಕೂದಲಿನ ತಲೆ ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ಗಾಜಿನ ಬಟ್ಟಲು, ಅದರ ತುಂಬ ಗುಲಾಬಿ, ಬಿಳಿ.

"ಟೀಚರ್!"

ಹಿಂಬಾಗಿಲಿಗೆ ಬೀಗವಿರಲಿಲ್ಲ. ವರ್ನಾ ನುಗ್ಗಿ ಭುಜ ಹಿಡಿದು ಅಲ್ಲಾಡಿಸಿದಳು. ಎಲ್ಡಾ ಕಿಟಾರನೆ ಕಿರುಚಿ ತಲೆ ಎತ್ತಿದರು. ಜೋಡಿಸಿದ್ದ ಕೈಗಳ ಪಕ್ಕ ಬಲೋನಿ ಬ್ರೆಡ್ಡಿನ ತಟ್ಟೆಯಿತ್ತು.

"ಊಟದ ಪ್ರಾರ್ಥನೆ ಮಾಡ್ತಿದ್ರೆ ಹೀಗಾ ನುಗ್ಗೋದು? ತೀರಿಹೋದವರ ಹೆಸರು ಹೇಳ್ತಾ ಇನ್ನೂ ಕೆ ಅಕ್ಷರದಲ್ಲಿದ್ದೆ!" ಎನ್ನುತ್ತ ಪಕ್ಕದಲ್ಲಿ ತೆಗೆದಿಟ್ಟಿದ್ದ ಕಿವಿಯಂತ್ರಗಳನ್ನು ಹಾಕಿಕೊಂಡರು.

"ಟೀಚರ್, ಎಷ್ಟು ತಿಂದ್ರಿ? ನಿಜ ಹೇಳಿ, ಎಷ್ಟು?"

"ಒಂದು ಕಚ್ಚೂ ತಿಂದಿಲ್ಲ. ನೀನು ಬಿಟ್ರೆ ತಾನೆ?"

ವರ್ನಾ ಬಟ್ಟಲಿಗೆ ಕೈಹಾಕಿದಳು. ಬೆರಳಿಗೆ ತಾಕಿದ್ದು ಸಕ್ಕರೆಯ ಕವಚವಲ್ಲ. ಎರಡು ಭಾಗ ಕೂಡುವ ಗೆರೆ, ಮೇಲೆ ಸಣ್ಣ ಅಂಕಿ. ಅಷ್ಟೂ ಹೃದಯದ ಮಾತ್ರೆ. ಎಲ್ಡಾ ದಿನಕ್ಕೊಂದರಂತೆ ಮಾತ್ರೆ ಹಾಕಿಡುವ, ವಾರದ ಏಳು ಮುಚ್ಚಳದ ಡಬ್ಬಿ ತೆರೆದಳು. ಭಾನುವಾರದಿಂದ ಶನಿವಾರದವರೆಗೂ ಜ್ಯೇಷ್ಠಮಧುವಿನ ಮಿಠಾಯಿ.

"ಇದನ್ನ ಯಾರಿಗೆ ಇಟ್ಟಿದ್ದೀರಿ?"

"ಒಂದೂವರೆಗೆ ನಮ್ಮ ಹುಡುಗೀರು ಇಸ್ಪೀಟಿಗೆ ಬರ್ತಾರಲ್ಲೇ." ಹುಡುಗಿಯರೆಂದರೆ ಮೂವರು, ಎಂಬತ್ತು ದಾಟಿದವರು. "ರೂತ್ ಅಂತೂ ಸಿಹಿ ಕಂಡ್ರೆ ಬಿಡೋಳೇ ಅಲ್ಲ, ಮುಷ್ಟಿ ಮುಷ್ಟಿ ತಿಂತಾಳೆ."

ಗಡಿಯಾರ ಹನ್ನೆರಡು ಮುಕ್ಕಾಲು ತೋರಿಸುತ್ತಿತ್ತು. ವರ್ನಾ ಬಟ್ಟಲನ್ನು ಮೇಜಿಗೆ ಸುರಿದು, ಬೆಣ್ಣೆಯ ಚಾಕುವಿನಿಂದ ಐದೈದಾಗಿ ಸರಿಸಿದಳು. ಐದು, ಹತ್ತು, ಹದಿನೈದು. ಇಪ್ಪತ್ತೈದು. ಇಪ್ಪತ್ತೊಂಬತ್ತು.

ಮತ್ತೆ ಎಣಿಸಿದಳು. ಇಪ್ಪತ್ತೊಂಬತ್ತು.

"ಒಂದಿಲ್ಲ." ಮೇಜಿನ ಕೆಳಗೆ ಬಗ್ಗಿ ನೋಡಿದಳು. "ಟೀಚರ್, ಬೆಳಿಗ್ಗೆಯಿಂದ ಯಾರು ಬಂದಿದ್ರು?"

"ಪಾದ್ರಿಗಳು. ತಗೊಳ್ಳಿ ಅಂತ ಬಟ್ಟಲು ಮುಂದೆ ಹಿಡಿದೆ."

"ತಗೊಂಡ್ರಾ?"

"ಕೈ ಹಾಕಿದ್ರು. ಆಮೇಲೆ ಸಕ್ಕರೆ ಕಾಯಿಲೆ ನೆನಪಾಗಿ, ಮುಖ ಸಣ್ಣದು ಮಾಡ್ಕೊಂಡು ವಾಪಸ್ ಹಾಕಿದ್ರು."

"ಹಾಗಾದ್ರೆ ಮೂವತ್ತನೇದು ಎಲ್ಲಿ?"

ಎಲ್ಡಾ ಮಗ್ಗಿ ತಪ್ಪಿದ ಹುಡುಗಿಯನ್ನು ನೋಡುವಂತೆ ನೋಡಿದರು. "ಅಂಗಡೀಲಿ ಕೂರಿಸಿ, ನೀರು ಕೊಟ್ಟು, ಇವತ್ತಿಂದು ಇಲ್ಲೇ ನುಂಗಿಬಿಡಿ ಟೀಚರ್ ಅಂತ ಬಾಯಿಗೆ ಹಾಕಿದ್ದು ಯಾರೇ?"

ವರ್ನಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಹೌದು. ಕಾಗದದ ಲೋಟ. ಮೂವತ್ತು ಸರಿಯಾಯಿತು.

"ಮತ್ತೆ ಫೋನ್ ಮಾಡಿ ಹಿಡಿಯಷ್ಟು ಅಗಿದೆ ಅಂದ್ರಲ್ಲ?"

"ಯಾವ ಫೋನು? ಈ ಹಲ್ಲಲ್ಲಿ ನಾನು ಏನು ಅಗೀಲಿ?"

ಅಷ್ಟರಲ್ಲಿ ಹಿಂಬಾಗಿಲಿಗೆ ಬಂದು ನಿಂತದ್ದು ಡ್ವೇನ್. ಬಿಳಿ ಕೋಟು, ಅದಕ್ಕಿಂತ ಬಿಳಿಯ ಮುಖ, ಕೈಯಲ್ಲಿ ಕರಟಿದ ಬಲೋನಿಯ ಬಾಣಲೆ. ಫೋನಿಟ್ಟು ಒಂದೇ ನಿಮಿಷದಲ್ಲಿ ಒಳಗೆ ಬಂದು ಅಣಕಿಸಬೇಕೆಂದಿದ್ದನಂತೆ. ಬರುವಷ್ಟರಲ್ಲಿ ಅಂಗಡಿ ಖಾಲಿ, ಒಳಗೆಲ್ಲ ಹೊಗೆ. ಬಾಯಿ ತೆರೆದ. ಗಾಬರಿಗೆ ಅವನದೇ ದನಿ ಹೊರಡದೆ ಎಲ್ಡಾರದೇ ಹೊರಟಿತು. "ವರ್ನಾ... ಅದು ನಾನು ಕಣೇ... ತಮಾಷೆಗೆ..."

"ನನ್ನ ದನಿ ಹೀಗಿದೆಯೇನೋ, ಕತ್ತೆ?" ಎಂದರು ಎಲ್ಡಾ. "ಎರಡನೇ ಕ್ಲಾಸಲ್ಲೇ ನಿನ್ನ ಮೂಲೇಲಿ ನಿಲ್ಸಬೇಕಾಗಿತ್ತು."

ವರ್ನಾ ಚಾಕುವಿನ ತುದಿಯಿಂದ ಮೇಜಿನ ಮೇಲಿನ ಮಾತ್ರೆಗಳನ್ನು ತೋರಿಸಿದಳು. ಆಮೇಲೆ ಖಾಲಿ ಬಟ್ಟಲನ್ನು, ಮಿಠಾಯಿ ತುಂಬಿದ ಡಬ್ಬಿಯನ್ನು. ಡ್ವೇನ್ ಒಂದೊಂದನ್ನೇ ನೋಡಿದ. ತಾನು ಕಟ್ಟಿದ ಸುಳ್ಳು ಈ ಅಡುಗೆಮನೆಯಲ್ಲಿ ಅಕ್ಷರಶಃ ನಿಜವಾಗಿ ಕೂತಿರುವುದು ಅವನಿಗೆ ಅರ್ಥವಾದಂತೆ ಬಾಣಲೆ ಕೈಜಾರಿ ನೆಲಕ್ಕೆ ಬಿತ್ತು.

"ಇಸ್ಪೀಟಿನೋರು ಬರೋಕೆ..."

"ಮುಕ್ಕಾಲು ಗಂಟೆ ಇತ್ತು," ಎಂದಳು ವರ್ನಾ. "ನೀನು ತಮಾಷೆ ಮಾಡದೇ ಇದ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ." ಒಂದು ಕ್ಷಣ ತಡೆದು, "ಆ ಚೀಟಿ ಬೇಡ ಅಂದಿದ್ದೆ ನೀನು. ನಡಿ, ಉಳಿದ ಶೀಶೆಗಳನ್ನೂ ಮನೆಮನೆಗೆ ಹೋಗಿ ವಾಪಸ್ ತರೋಣ."

ಡ್ವೇನ್ ಬಾಣಲೆ ಎತ್ತಲು ಬಗ್ಗಿದ. ಎತ್ತದೆ, ನೆಲದ ಮೇಲೇ ಬಲೋನಿಯ ಪಕ್ಕ ಕೂತುಬಿಟ್ಟ. ಸೀಳು ಕೊಡಲು ವರ್ನಾ ಮರೆತಿದ್ದ ಆ ಬಿಲ್ಲೆ ಕರ್ರಗೆ ಟೋಪಿಯಾಗಿ ಉಬ್ಬಿತ್ತು. ಎಲ್ಡಾ ಬಗ್ಗಿ ಅದನ್ನೆತ್ತಿ, ಗಂಭೀರವಾಗಿ, ಅವನ ತಲೆಯ ಮೇಲೆ ಇಟ್ಟರು.

"ಹಬ್ಬದ ಶುಭಾಶಯ ಕಣೋ," ಎಂದರು.

ವರ್ನಾಗೆ ಒಮ್ಮೆಲೇ ನಗು ಉಕ್ಕಿ ಬಂತು. ಮೊದಲು ಅಳುವಿನಂತೆ, ಆಮೇಲೆ ಬಿಕ್ಕಳಿಕೆಯಂತೆ. ಎಲ್ಡಾ ನಕ್ಕರು, ಕೊನೆಗೆ ಡ್ವೇನ್‌ ಕೂಡ ಟೋಪಿ ಬೀಳದ ಹಾಗೆ ಹಿಡಿದುಕೊಂಡು ನಕ್ಕ. ಆದರೆ ಅರ್ಧ ಗಂಟೆ ಮುಂಚೆಯೇ ಬಂದು ಆ ಹೊತ್ತಿಗೆ ಗೇಟು ತೆರೆಯುತ್ತಿದ್ದ ರೂತ್‌ಗೂ ಅವಳ ಜೊತೆಯವರಿಗೂ ಬೀದಿಯವರೆಗೆ ಕೇಳಿಸಿದ್ದು, ಮೇಜಿಗೆ ತಲೆ ಆನಿಸಿಕೊಂಡು ಉಸಿರುಗಟ್ಟುವಂತೆ ನಗುತ್ತಿದ್ದ ವರ್ನಾಳ ನಗು ಒಂದೇ.