ಒತ್ತಿದರೆ ತೆರೆಯುವ ಚಿತ್ರ

ಕಾಲೇಜು ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು, ರಟ್ಟು ಹಾಕಿ, ಮತ್ತೆ ಕಪಾಟಿಗೆ ಕಳಿಸುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಬೈಂಡರಮ್ಮ. ಮನೆಯಲ್ಲಿ ಐದು ಮಕ್ಕಳಲ್ಲಿ ನಡುವಿನವಳು. ಮೇಲೆ ಅಣ್ಣ, ಅಕ್ಕ, ಕೆಳಗೆ ತಮ್ಮ, ತಂಗಿ. ಮದುವೆಯಾಗಿರಲಿಲ್ಲವಾದ್ದರಿಂದ ವಯಸ್ಸಾದ ಅಮ್ಮ ಅವಳ ಪಾಲಿಗೆ ಬಂದಳು. "ನಿನಗೇನು, ಹಿಂದಿಲ್ಲ ಮುಂದಿಲ್ಲ" ಎಂದು ಅಣ್ಣ ಅಂದದ್ದೇ ತೀರ್ಮಾನವಾಗಿಹೋಯಿತು.

ಕೊನೆಯ ಎರಡು ವರ್ಷ ಅಮ್ಮನಿಗೆ ಮರೆವು. ಬಟ್ಟೆ ಹಾಕಿಸಿದ ಕೈಯನ್ನೇ ಹಿಡಿದು "ಯಾರಮ್ಮಾ ನೀನು, ಒಳ್ಳೆಯವಳು" ಅನ್ನುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಒಡಹುಟ್ಟಿದವರು ನಾಲ್ಕೂ ದಿಕ್ಕಿಗೆ ಹೋದರು. ಫೋನಿನಲ್ಲಿ ಹೂವಿನ ಚಿತ್ರ, ಸೂರ್ಯೋದಯದ ಚಿತ್ರ ಬರುತ್ತಿದ್ದವು. ಮಾತು ಬರುತ್ತಿರಲಿಲ್ಲ.

ಆ ಎರಡು ವರ್ಷದಲ್ಲಿ ಅಮ್ಮ ಆಡಿದ್ದನ್ನು, ಮಾಡಿದ್ದನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದಳು. ಲೈಬ್ರರಿಯ ಕಂಪ್ಯೂಟರ್ ನೋಡಿಕೊಳ್ಳುವ ಗುಮಾಸ್ತ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟ. ಒಂದೊಂದು ಬರಹಕ್ಕೆ ಒಂದೊಂದು ಪುಟ, ಮೇಲೊಂದು ಚಿತ್ರ, ಅಡಿಯಲ್ಲಿ ಎಷ್ಟು ಸಲ ತೆರೆದಿದ್ದಾರೆ ಅನ್ನುವ ಅಂಕಿ. ಅವಳೂ ಅವನೂ ಪಾಸ್‌ವರ್ಡ್ ಹಾಕಿ ನೋಡಿದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಲಿಂಕ್ ಕಳಿಸಿದರೆ ಫೋನಿನಲ್ಲಿ ಚಿತ್ರವೇ ದೊಡ್ಡದಾಗಿ ಕಾಣುತ್ತದೆ, ಚಿತ್ರ ಒತ್ತಿದರೆ ಬರಹ ತೆರೆಯುತ್ತದೆ. ಪ್ರತಿ ಭಾನುವಾರ ಅವಳು ನಾಲ್ವರಿಗೂ ಬೇರೆಬೇರೆಯಾಗಿ ಒಂದು ಚಿತ್ರ ಕಳಿಸತೊಡಗಿದಳು: ಅಮ್ಮನ ಕನ್ನಡಕ, ಅಮ್ಮ ಕೂರುತ್ತಿದ್ದ ಕಿಟಕಿ, ತುದಿ ಸವೆದ ಊರುಗೋಲು. ಸಂಜೆ ನೋಡಿದರೆ ಪುಟದ ಅಡಿಯಲ್ಲಿ ನಾಲ್ಕು. ಯಾರೂ ಏನೂ ಬರೆಯುತ್ತಿರಲಿಲ್ಲ, ಹೆಚ್ಚೆಂದರೆ ಕೈಮುಗಿದ ಚಿಹ್ನೆ. ಆದರೂ ನಾಲ್ಕು ಅಂದರೆ ನಾಲ್ಕೂ ಜನ. ಅವಳಿಗೆ ಅಷ್ಟು ಸಾಕಿತ್ತು.

ಹದಿನಾಲ್ಕನೆಯ ವಾರ ಧೈರ್ಯ ಮಾಡಿದಳು. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಬರೆದಳು. ಒಂದು ಮಧ್ಯಾಹ್ನ ಅಮ್ಮ ಕುರ್ಚಿಯಲ್ಲಿ ಕೂತು ಒಂದೇ ಸಮನೆ ಕೂಗುತ್ತಿದ್ದಾಗ, ಅವಳು ಕೋಣೆಯ ಬಾಗಿಲು ಹಾಕಿ ಹೊರಗೆ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತುಬಿಟ್ಟಿದ್ದಳು. ಒಳಗಿನ ಕೂಗು ಕೇಳುತ್ತಿತ್ತು, ಏಳಲಿಲ್ಲ. ಬರೆದು, ಮೇಲೆ ಖಾಲಿ ಕುರ್ಚಿಯ ಚಿತ್ರ ಹಾಕಿ ಕಳಿಸಿದಳು. ಸಂಜೆಗೆ ನಾಲ್ಕು. ತಂಗಿಯಿಂದ ಒಂದು ಕೆಂಪು ಹೃದಯ. ಎಲ್ಲರೂ ಹೊಟ್ಟೆಗೆ ಹಾಕಿಕೊಂಡರು ಅಂದುಕೊಂಡಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ವಾರವಿಡೀ ಹೊಲಿಗೆಯ ದಾರ ಒಮ್ಮೆಯೂ ಸಿಕ್ಕಾಗಲಿಲ್ಲ.

ಆ ಖುಷಿಯಲ್ಲೇ ಗುಮಾಸ್ತನಿಗೆ ಹೇಳಿದಳು, ನಮ್ಮವರು ಒಂದು ವಾರವೂ ತಪ್ಪಿಸುವುದಿಲ್ಲ ಎಂದು. ಅವನು ಪುಟಗಳನ್ನು ತೆರೆದು ನೋಡಿದ. ಹದಿನಾಲ್ಕಕ್ಕೂ ನಾಲ್ಕೇ ನಾಲ್ಕು. ಕನ್ನಡಕ ತೆಗೆದು ಒರೆಸಿಕೊಂಡ.

"ಬೈಂಡರಮ್ಮ, ಬೇಜಾರು ಮಾಡ್ಕೋಬೇಡಿ. ಲಿಂಕ್ ಹಾಕಿದ ತಕ್ಷಣ ಚಿತ್ರ ತರೋಕೆ ನಿಮ್ಮ ಫೋನೇ ಆ ಪುಟಕ್ಕೆ ಹೋಗಿ ಬರುತ್ತೆ. ನಾಲ್ಕು ಜನಕ್ಕೆ ಕಳಿಸಿದ್ರೆ ನಾಲ್ಕು ಸಲ. ಅದನ್ನೇ ಇದು ಎಣಿಸಿರೋದು."

"ಹಾಗಾದ್ರೆ ಯಾರೂ ತೆರೆದಿಲ್ಲ?"

ಇಲ್ಲ ಎಂದು ಅವನು ತಲೆಯಾಡಿಸಿದ. ನೀವಾದರೂ ಓದಿದ್ದೀರಾ ಎಂದು ಕೇಳಿದಳು. ಮನೆ ವಿಷಯ, ನಾನು ಓದುವುದು ಸರಿಯಲ್ಲ ಅಂತ ಬಿಟ್ಟೆ ಎಂದ ಆ ಒಳ್ಳೆಯ ಮನುಷ್ಯ.

ನೆಲಮಾಳಿಗೆಗೆ ಇಳಿದು ಬಂದು ಒಂದು ನಿಘಂಟನ್ನು ಮುಂದಿಟ್ಟುಕೊಂಡು ಕೂತಳು. ಅಂಟು ಹಚ್ಚಿದಳು, ಅದು ಒಣಗಿತು, ರಟ್ಟು ಕೂರಿಸಲಿಲ್ಲ. ಕೊನೆಗೆ ಅಕ್ಕನಿಗೆ ಫೋನ್ ಮಾಡಿದಳು.

ಅಕ್ಕ ಬಟ್ಟೆ ಮಡಚುತ್ತಿದ್ದಳು. ಕುರ್ಚಿಯ ಚಿತ್ರ ನೋಡಿದೆ, ಚೆನ್ನಾಗಿ ಬಂದಿದೆ ಎಂದಳು. ಒತ್ತಿದೆಯಾ ಎಂದು ಕೇಳಿದರೆ, ಅಯ್ಯೋ ಒತ್ತೋದಾ, ಅಂಥ ಚಿತ್ರ ಒತ್ತಿದರೆ ಫೋನಿನಲ್ಲಿರೋದೆಲ್ಲಾ ಕಳ್ಳರ ಪಾಲಾಗುತ್ತಂತೆ, ಅಣ್ಣ ಮೊದಲೇ ಹುಷಾರು ಹೇಳಿದ್ದಾನೆ, ನಾವ್ಯಾರೂ ಒತ್ತಲ್ಲ ಎಂದಳು.

ಬೈಂಡರಮ್ಮ ಪುಟದಲ್ಲಿ ಬರೆದಿದ್ದನ್ನು ಬಾಯಲ್ಲೇ ಹೇಳಿದಳು. ಬಾಗಿಲು ಹಾಕಿದ್ದು, ಮೆಟ್ಟಿಲು, ಅರ್ಧ ಗಂಟೆ. ಬರೆಯದೆ ಬಿಟ್ಟಿದ್ದನ್ನೂ ಹೇಳಿದಳು. "ಅವಳು ನನ್ನ ಕರೀತಿರಲಿಲ್ಲ ಅಕ್ಕ. ನಿನ್ನ ಕರೀತಿದ್ಲು. ಪುಟ್ಟೀ, ಪುಟ್ಟೀ ಅಂತ. ಎರಡು ವರ್ಷ ಮಾಡಿದವಳು ನಾನು. ಅದಕ್ಕೇ ಎದ್ದು ಹೋದೆ."

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ನನ್ನನ್ನಾ?" ಎಂದಳು. "ನನ್ನ ಮರೆತೇಬಿಟ್ಟಿದ್ಲು ಅಂದ್ಕೊಂಡಿದ್ದೆ. ಹೇಗೆ ಕರೆದ್ಲು? ಒಂದ್ಸಲ ಹಾಗೇ ಹೇಳು."

ಬೈಂಡರಮ್ಮ ಅಮ್ಮನ ಹಾಗೇ ಎಳೆದು, ಕೊನೆಯಲ್ಲಿ ದನಿ ಏರಿಸಿ ಕರೆದಳು. ಅಕ್ಕ ಅತ್ತಳು. ಇನ್ನೊಂದು ಸಲ ಎಂದಳು. ಇನ್ನೊಂದು ಸಲ ಕರೆದಳು. ಒಳ್ಳೇದಾಯ್ತು ಹೇಳಿದ್ದು, ನನಗೆಷ್ಟು ಸಮಾಧಾನ ಆಯ್ತು ಗೊತ್ತಾ ಎಂದು ಅಕ್ಕ ಫೋನ್ ಇಟ್ಟಳು. ಬಾಗಿಲ ಬಗ್ಗೆ, ಆ ಅರ್ಧ ಗಂಟೆಯ ಬಗ್ಗೆ ತುಟಿ ಎರಡು ಮಾಡಲಿಲ್ಲ. ಬೈಯಲೂ ಇಲ್ಲ, ಹೋಗಲಿ ಬಿಡು ಅನ್ನಲೂ ಇಲ್ಲ.

ಈಗ ಅವಳು ಚಿತ್ರ ಕಳಿಸುವುದಿಲ್ಲ. ಭಾನುವಾರ ಅಕ್ಕನೇ ಫೋನ್ ಮಾಡುತ್ತಾಳೆ. ಅಮ್ಮ ಇನ್ನೇನು ಹೇಳುತ್ತಿದ್ದಳು, ನನ್ನ ವಿಷಯ ಮಾತಾಡುತ್ತಿದ್ದಳಾ ಎಂದು ಕೇಳುತ್ತಾಳೆ. ಬೈಂಡರಮ್ಮ ನೋಟ್‌ಬುಕ್ ತೆರೆದುಕೊಂಡು, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾಳೆ. ಒಂದು ಭಾನುವಾರ ಅಕ್ಕ ಕೇಳದಿದ್ದರೂ, ಅಮ್ಮ ತನ್ನ ಕೈ ಹಿಡಿದು ಯಾರಮ್ಮಾ ನೀನು, ಒಳ್ಳೆಯವಳು ಅಂದದ್ದನ್ನು ಬೈಂಡರಮ್ಮ ಓದಿ ಹೇಳಿದಳು. ಹೌದಾ ಎಂದಳು ಅಕ್ಕ. ಫೋನ್ ಮಾತ್ರ ಇಬ್ಬರೂ ಇಡಲಿಲ್ಲ.