ಹಲ್ಲು ತಪ್ಪಿದ ಗಿರಣಿ

ನಮ್ಮಣ್ಣ ಬೀರಣ್ಣನಷ್ಟು ಕೆಟ್ಟ ಬಾಯಿಯವನು ಸಿಂದಗಿ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಅದು ನಾನು. ಆದರೆ ನನಗೆ ಕಾರಣವಿತ್ತು. ಎಪ್ಪತ್ನಾಲ್ಕರ ಎಳ್ಳಮಾವಾಸ್ಯೆ ಮುಗಿದ ಮೇಲೆ ಕನ್ನೊಳ್ಳಿಯ ನಮ್ಮ ಮನೆ ಪಾಲಾಯಿತು. ಹೊಲ, ಕುರಿ ಅವನಿಗೆ, ಹಿಟ್ಟಿನ ಗಿರಣಿ ನನಗೆ. ಗಿರಣಿಯ ಡೀಸೆಲ್ ಎಂಜಿನ್ ಅಲ್ಲಿಯವರೆಗೆ ನಡೆಸಿದವನು ಅವನೇ. ಅವನಿಗೆ ಹೊಟ್ಟೆ ಉರಿಯಿತು. ಪಂಚರ ಮುಂದೆ ಎದ್ದು ನಿಂತು, ನನ್ನತ್ತ ಬೆರಳು ಮಾಡಿ, "ಮುಂದಿನ ಎಳ್ಳಮಾಸಿತನಕ ಈ ಸಂಗ್ಯಾ ಗಿರಣಿ ನಡಿಸಿದ್ರ ನಾ ಮೀಸಿ ಬೋಳಿಸ್ತೇನಿ" ಎಂದ.

ಅವತ್ತೇ ಮಾತು ಬಂದ್. ಅಂಗಳದ ನಡುವೆ ಮಣ್ಣಿನ ಗೋಡೆ ಎದ್ದಿತು. ನಮ್ಮವ್ವ ಚಂದವ್ವ ಮಾತ್ರ ಮುಂಜಾನೆ ಅವನ ಕಡೆ, ಸಂಜೆ ನನ್ನ ಕಡೆ ರೊಟ್ಟಿ ತಿಂದುಕೊಂಡು, ಗೋಡೆಯ ತುದಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅಲ್ಲಿಂದ ಎರಡೂ ಮನೆ ಕಾಣುತ್ತವೆ.

ವರ್ಷವಿಡೀ ಗಿರಣಿ ನಡೆಸಿದೆ. ಇನ್ನೇನು ಹಬ್ಬ ಬಂತು, ಊರಿಗೆ ಊರೇ ಸಜ್ಜೆ ಬೀಸಿಸುವ ಹೊತ್ತು, ಆಗ ಎಂಜಿನ್ನಿನ ಬೇರಿಂಗ್ ಕಟಕಟ ಅನ್ನತೊಡಗಿತು. ಎಂಜಿನ್ ರಿಪೇರಿ ಮಾಡುವ ಸಿಂದಗಿಯ ಅಮೀನುದ್ದೀನ ಮೇಸ್ತ್ರಿ ಹೊರ್ತಿ ಊರಿಗೆ ಕೆಲಸಕ್ಕೆ ಹೋಗಿದ್ದ. ಅಣ್ಣನನ್ನು ಕೇಳುವುದಕ್ಕಿಂತ ಗಿರಣಿಗೆ ಬೆಂಕಿ ಹಚ್ಚುವುದು ವಾಸಿ ಎಂದುಕೊಂಡು ನಾನೇ ಬಿಚ್ಚಿದೆ.

ಒಳಗೆ ಎರಡು ಹಲ್ಲಿನ ಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ಯಾವ ಹಲ್ಲು ಯಾವ ಸಂದಿಗೆ ಎನ್ನುವುದು ತಪ್ಪಿದರೆ ಎಂಜಿನ್ನಿಗೆ ಉಸಿರಾಡುವ ಹೊತ್ತೇ ತಪ್ಪುತ್ತದೆ. ಅಷ್ಟು ನನಗೂ ಗೊತ್ತಿತ್ತು. ಗುರುತಿಗೆ ಬಣ್ಣ ಎಲ್ಲಿ ಹುಡುಕಲಿ? ಜಗಲಿಯ ಮೇಲೆ ಮನೆದೇವರು ಬೀರಪ್ಪನ ಮುಂದೆ ಭಂಡಾರದ ಬಟ್ಟಲಿತ್ತು. ಆ ಅರಿಶಿನವನ್ನೇ ಎಣ್ಣೆಯಲ್ಲಿ ಕಲಸಿ, ಎರಡೂ ಗಾಲಿಯ ಹಲ್ಲಿಗೆ ಹಳದಿ ಬೊಟ್ಟು ಇಟ್ಟೆ. ಗಾಲಿಗಳನ್ನು ಗೋಣಿತಟ್ಟಿನ ಮೇಲಿಟ್ಟು ಬಸ್ಸು ಹತ್ತಿ ಸಿಂದಗಿಗೆ ಹೋದೆ. ಬೇರಿಂಗ್ ತಂದು, ಬೊಟ್ಟಿಗೆ ಬೊಟ್ಟು ಕೂಡಿಸಿ, ಮುಚ್ಚಳ ಬಿಗಿದೆ.

ಹ್ಯಾಂಡಲ್ ಹೊಡೆದೆ. ಎಂಜಿನ್ ತಿರುಗಿ ಒದೆಯಿತು. ಮಣಿಕಟ್ಟು ಉಬ್ಬಿತು. ಮತ್ತೆ ಹೊಡೆದೆ, ಗಾಳಿ ಎಳೆಯುವ ಬಾಯಿಂದಲೇ ಕರಿ ಹೊಗೆ ಕಾರಿ ನಿಂತಿತು. ಡೀಸೆಲ್ ಪೈಪಿನ ಗಾಳಿ ತೆಗೆದೆ. ನೋಜಲ್ ಬಿಚ್ಚಿ ತೊಳೆದೆ. ವಾಲ್ವಿನ ಸಂದು ನೋಡಿದೆ. ಏನೂ ಉಪಯೋಗವಿಲ್ಲ. ಹೊರಗೆ ಸಜ್ಜೆಯ ಬುಟ್ಟಿ ಹೊತ್ತ ಹೆಂಗಸರ ಗೊಣಗಾಟ ಬೇರೆ.

ಆಗ ಗೋಡೆಯ ಆಚೆಯಿಂದ, ಇಡೀ ವರ್ಷದಲ್ಲಿ ಮೊದಲ ಸಲ, ಅಣ್ಣನ ದನಿ ಬಂತು.

"ಅವ್ವಾ, ಆ ಮಂಗ್ಯಾನ ಮಗಗ ಹೇಳ. ಎಳಕೊಳ್ಳೋ ಬಾಯಿಲೆ ಉಗುಳಾಕತ್ತೈತಿ ಅಂದ್ರ ಹಲ್ಲು ತಪ್ಪಿಸ್ಯಾನ."

"ಮಂಗ್ಯಾ ಅಂದ್ರ ಯಾರಪಾ? ನಿಮ್ಮಪ್ಪನ?" ಎಂದು ಅವ್ವ ಕೇಳಿದಳು.

"ಅವ್ವಾ, ಅವಗ ಹೇಳ," ನಾನೂ ಕೂಗಿದೆ, "ನಾ ಗುರುತು ಹಾಕೇನಿ. ಕುರಿ ಹಿಂದ ತಿರಗಾವ್ರ ಶ್ಯಾಣ್ಯಾತನ ನನಗ ಬ್ಯಾಡ."

"ಗುರುತು ಹಾಕಿದ್ರ ಎಂಜಿನ್ ಯಾಕ ಒದೀತೈತಿ ಅಂತ ಕೇಳವ್ವಾ! ಒದಿಯೋ ಕತ್ತೆ ಹಿಂದ ನಿಂತಾನೇನ ಅಂವಾ?"

ಮರುದಿನವೂ ಇದೇ. ನಾನು ಹ್ಯಾಂಡಲ್ ಹೊಡೆಯುವುದು, ಎಂಜಿನ್ ಒದೆಯುವುದು, ಅವನು ಬೈಯುವುದು, ನಾನು ತಿರುಗಿ ಬೈಯುವುದು. ಅವ್ವ ಎರಡೂ ಕಡೆಯ ಬೈಗುಳ ಒಂದಕ್ಷರ ಬಿಡದೆ ದಾಟಿಸಿದಳು. ಮಧ್ಯಾಹ್ನ ಮುಚ್ಚಳ ಮತ್ತೆ ಬಿಚ್ಚಿ ನೋಡಿದೆ. ಬೊಟ್ಟಿಗೆ ಬೊಟ್ಟು ಸರಿಯಾಗೇ ಕೂತಿದ್ದವು. ಆಗ ನನ್ನ ತಲೆಗೆ ಹೊಳೆಯಿತು, ಮೈಯೆಲ್ಲ ಉರಿದುಹೋಯಿತು.

"ನೀನ ಮಾಡೀದಿ!" ಅವ್ವನನ್ನು ಬಿಟ್ಟು ನೇರ ಗೋಡೆಗೇ ಚೀರಿದೆ. "ನಾ ಸಿಂದಗಿಗೆ ಹೋದಾಗ ಗ್ವಾಡಿ ಹಾರಿ ಬಂದು ಗುರುತು ಬದಲಿ ಮಾಡೀದಿ! ಮೀಸಿ ಉಳಿಸ್ಕೊಳ್ಳಾಕ ಇಷ್ಟ ಹಲ್ಕಟ್ ಕೆಲಸ ಮಾಡ್ತಿಯೇನೋ?"

ಬೀರಣ್ಣ ಈಗ ನಿಜವಾಗಿಯೂ ಗೋಡೆ ಹಾರಿದ. ಬಂದವನೇ ನನ್ನ ಅಂಗಿ ಹಿಡಿದ. ನಾನು ಅವನ ತಲೆಯ ಪಟಗ ಕಿತ್ತೆಸೆದೆ. ಇಬ್ಬರೂ ಹಿಟ್ಟಿನಲ್ಲಿ ಉರುಳಾಡಿದೆವು. ಹೆಂಗಸರು ಬುಟ್ಟಿ ಬಿಟ್ಟು ಓಡಿದರು. ನನ್ನ ಕೈಗೆ ನಟ್ಟು ಬಿಚ್ಚುವ ಪಾನಾ ಸಿಕ್ಕಿತ್ತು, ಎತ್ತಿಯೂ ಬಿಟ್ಟಿದ್ದೆ.

"ಅಂವಾ ಅಲ್ಲೋ, ನಾ!" ಎಂದು ಅವ್ವ ಕೂಗಿದಳು. ಕಟ್ಟೆ ಇಳಿದು ಬಂದು ನಡುವೆ ನಿಂತಳು. "ಐತವಾರಿತ್ತು, ಬೀರಪ್ಪನ ವಾರ. ಗಾಲಿ ಎಣ್ಣಿ ಹೊಲಸಾಗಿ ಬಿದ್ದಿದ್ವು. ಅನ್ನಾ ಹಾಕೂ ಕಬ್ಬಿಣ, ಚಂದಾಗಿ ಒರಸಿ, ಕೈಗೆ ಸಿಕ್ಕ ಹಲ್ಲಿಗೆ ಭಂಡಾರದ ಬೊಟ್ಟು ಇಟ್ಟೀನಿ."

ಪಾನಾ ಕೈಯಲ್ಲೇ ಉಳಿಯಿತು. "ಎರಡ ದಿನಾ ನಾ ಇಲ್ಲಿ ಸಾಯಾಕತ್ತೇನಿ. ಮೊದಲ ಹೇಳಾಕ ನಿನಗೇನ ಧಾಡಿ ಆಗಿತ್ತವ್ವಾ?"

"ಯಾಕ ಹೇಳ್ಲಿ?" ಅವಳೂ ನನ್ನಷ್ಟೇ ಸಿಟ್ಟಿನಿಂದ ಅಂದಳು. "ಗ್ವಾಡಿ ಎದ್ದಾಗಿಂದ ಇಬ್ಬರೂ ಮೂಕ ಬಸವಣ್ಣನಂಗ ಇದ್ರಿ. ಈಗ ಮುಂಜಾನಿಂದ ಸಂಜಿತನಕ ಮಾತಾಡಾಕತ್ತಿದ್ರಿ. ಬೈಗುಳರ ಆಗವಲ್ದ್ಯಾಕ, ಕೇಳಿಕೋತ ಕುಂತೆ. ಹೇಳಿದ್ರ ಎಂಜಿನ್ ಚಾಲೂ ಆಕ್ಕಿತ್ತು, ನೀವು ಬಂದ್ ಆಕ್ಕಿದ್ರಿ."

ಬೀರಣ್ಣ ಧೋತರದ ತುದಿಯಿಂದ ಗಾಲಿಯ ಭಂಡಾರವನ್ನೆಲ್ಲ ತಿಕ್ಕಿ ಒರೆಸಿದ. ಒಂದು ಹಲ್ಲಿನ ಬುಡದಲ್ಲಿ ಉಗುರಿನಿಂದ ಕೆರೆದ. ಸಣ್ಣದೊಂದು ತೂತಿನಂಥ ಚುಕ್ಕೆ ಕಂಡಿತು. ಇನ್ನೊಂದು ಗಾಲಿಯಲ್ಲೂ ಅಂಥದೇ.

"ಮಾಡಿದವರು ಗುರುತು ಹೊಡದ ಕಳಿಸಿರ್ತಾರ, ಕಣ್ಣಿದ್ದವರಿಗೆ," ಎಂದು ಎಂಜಿನ್ನಿಗೆ ಹೇಳಿದ.

ಚುಕ್ಕೆಗೆ ಚುಕ್ಕೆ ಕೂಡಿಸಿದ. ನಾನು ಊದಿದ ಕೈಯಲ್ಲೇ ಹ್ಯಾಂಡಲ್ ತಿರುವಿದೆ, ಅವನು ವಾಲ್ವ್ ಎತ್ತಿ ಹಿಡಿದಿದ್ದ ಲೀವರ್ ಬಿಟ್ಟ. ಒಂದೇ ಏಟಿಗೆ ಎಂಜಿನ್ ಹಿಡಿಯಿತು. ಅವನು ಪಟಗ ಝಾಡಿಸಿಕೊಂಡು, ನನ್ನ ಮುಖ ನೋಡದೆ ಗೋಡೆ ಹತ್ತಿ ಹೋದ.

ಎಳ್ಳಮಾವಾಸ್ಯೆಯ ಮುಂಜಾನೆ ಗಿರಣಿ ನಡೆಯುತ್ತಿತ್ತು. ಗೋಡೆಯ ಮೇಲೆ ಬೀರಣ್ಣನ ಮುಖ ಕಾಣಿಸಿತು. ಮೀಸೆ ಇರಲಿಲ್ಲ. ಆ ಬೋಳು ತುಟಿ ನೋಡಿ ನಗಬೇಕೆಂದು ವರ್ಷವಿಡೀ ಕಾದಿದ್ದೆ. ಈಗ ನೋಡಿದರೆ ಸಿಟ್ಟು ನೆತ್ತಿಗೇರಿತು.

"ಯಾರೋ ಹೇಳಿದ್ರು ನಿನಗ ಬೋಳಿಸ್ಕೋ ಅಂತ? ಹಬ್ಬದ ದಿನಾ ಸೂತಕದವರಂಗ ಬಂದು ನಿಂತೀದಿ! ನೀನ ರಿಪೇರಿ ಮಾಡಿ, ನನ್ನ ಗೆಲ್ಲಿಸೀನಿ ಅಂತ ತೋರಸ್ತೀಯೇನ?"

"ನನ್ನ ಮೀಸಿ, ನಾ ಏನರ ಮಾಡ್ತೇನಿ! ಕೇಳಾಕ ನೀ ಯಾವನೋ, ಭಾಡ್ಯಾ?"

"ನೀ ಭಾಡ್ಯಾ!"

ಕಟ್ಟೆಯ ಮೇಲೆ ಕೂತಿದ್ದ ಅವ್ವ ಸಜ್ಜೆ ಕಡಬು ಮುರಿಯುತ್ತ, "ಇನ್ನಾ ಜೋರಾಗಿ ಅನ್ರೋ, ಎಂಜಿನ್ ಸಪ್ಪಳದಾಗ ಕೇಳವಲ್ದು," ಎಂದಳು.