ಎಡಗಡೆ ಮನೆಯ ಹೊಗೆಗೂಡು

ಆ ಎಸ್ಟೇಟಿನ ಹೆಬ್ಬಾಗಿಲಿಗೆ ಕಾವಲುಮನೆ ಒಂದಲ್ಲ, ಎರಡು. ದಾರಿಯ ಈಚೆಗೊಂದು, ಆಚೆಗೊಂದು, ಒಂದೊಂದೇ ಕೋಣೆಯವು, ಅವಳಿ ಮಕ್ಕಳ ಹಾಗೆ. ಕಟ್ಟಿಸಿದ ಹಳೇ ಧಣಿಗೆ ಬೇಕಾಗಿದ್ದದ್ದು ಅಂದ. ಒಳಗೆ ಬಾಳುವವರ ಪಾಡು ಆಮೇಲಿನ ಮಾತು. ಹಾಗಾಗಿ ಬಾಗಿಲು ಕಾಯುವ ಮರ್ಡೊನ ಅಡುಗೆಮನೆ ಬಲಗಡೆ, ಮಲಗುವ ಕೋಣೆ ಎಡಗಡೆ. ಮೂವತ್ತು ವರ್ಷ ಅವನ ಹೆಂಡತಿ ಎಲ್ಸ್‌ಪೆತ್ ಬಿಸಿನೀರಿನ ಜಾಡಿ ಅವುಚಿಕೊಂಡು ದಾರಿ ದಾಟಿಯೇ ಮಲಗಿದ್ದಳು. ಎಡಗಡೆ ಮಾಡಿನ ಮೇಲೂ ಹೊಗೆಗೂಡೇನೋ ಇತ್ತು, ಕೆಳಗೆ ಒಲೆಯಿರಲಿಲ್ಲ. ಜೋಡಿ ಸರಿಕಾಣಲೆಂದು ನಿಲ್ಲಿಸಿದ ಗಟ್ಟಿ ಕಲ್ಲು ಅದು ಅಂತಲೇ ಎಲ್ಲರೂ ತಿಳಿದಿದ್ದರು.

ಈ ಚಳಿಗಾಲ ಎಲ್ಸ್‌ಪೆತ್‌ಳ ಎದೆ ಕಟ್ಟಿತು.

"ಬೆಂಕಿಯಿರೋ ಕೋಣೇಲಿ ಮಲಗಿಸು, ಇಲ್ಲಾಂದ್ರೆ ಪರ್ತ್ ಪಟ್ಟಣದ ಆಸ್ಪತ್ರೆಗೆ ಕಳಿಸು" ಅಂದರು ಡಾಕ್ಟರು.

ಅಡುಗೆಮನೆಗೆ ಮಂಚ ತಂದು ಹಾಕಿದರೆ ಅದು ಅಡ್ಡವಾಗಿ ಬಾಗಿಲೇ ತೆರೆಯಲಿಲ್ಲ.

"ಆಸ್ಪತ್ರೆಗೆ ಹೋದ ನಮ್ಮಕ್ಕ ತಿರುಗಿ ಬಂದ್ಲಾ? ನಾನು ಹೋಗಲ್ಲ" ಅಂದಳು ಎಲ್ಸ್‌ಪೆತ್.

ಎಸ್ಟೇಟಿನ ಮೇಲ್ವಿಚಾರಕರು ಎಡಗಡೆ ಕೋಣೆಗೆ ಒಲೆ ಹಾಕಿಸಲು ಒಪ್ಪಿದರು. ಹೊರಗಿನಿಂದ ಮಾತ್ರ ಒಂದು ಕಲ್ಲೂ ಬದಲಾಗಕೂಡದು. ಕಲ್ಲುಕೆಲಸದ ಮುದುಕ ಗೆಡ್ಡಿಸ್ ಬಂದು ಗೋಡೆ ತಟ್ಟಿದ.

"ಹೊಗೆಗೂಡು ಒಳಗೆ ಗಟ್ಟಿಯಾಗಿದ್ರೆ ನನ್ನ ಕೈಲಾಗಲ್ಲ ಕಣೋ. ಕೊರೆಯೋಕೆ ಹೋದ್ರೆ ಮಾಡೇ ಕುಸಿಯತ್ತೆ."

ಗೆಡ್ಡಿಸ್ ಹಾರೆಯಿಂದ ಒಂದು ಕಲ್ಲು ಮೀಟಿದ. ತಣ್ಣನೆ ಗಾಳಿ ಬೀಸಿತು. ಹಿಂದೆಯೇ ಕಾಗೆಗೂಡಿನ ಕಡ್ಡಿಗಳು ಬುದಬುದನೆ ಉದುರಿದವು.

"ಪೊಳ್ಳು!" ಗೆಡ್ಡಿಸ್ ತೂತಿಗೆ ತಲೆ ಹಾಕಿದ. "ತುದೀವರೆಗೂ ಪೊಳ್ಳು! ಒಳಗೆ ಗಾರೆ ಬೇರೆ ಬಳಿದಾನೆ, ಪುಣ್ಯಾತ್ಮ."

"ಧಣಿ ಹೇಳಿದ್ರಾ?"

"ಧಣಿ ಯಾಕೆ ಹೇಳ್ತಾರೆ? ಒಂದಲ್ಲ ಒಂದಿನ ಇಲ್ಲಿ ಯಾರಿಗಾದ್ರೂ ಚಳಿಯಾಗತ್ತೆ ಅಂತ ಕಟ್ಟಿದವನಿಗೆ ಗೊತ್ತಿತ್ತು. ಯಾರಿಗೂ ಹೇಳದೆ ಪೊಳ್ಳು ಬಿಟ್ಟು ಹೋಗಿದಾನೆ."

"ಹೆಸರೇನಂತೆ?"

"ನಮ್ಮ ಕಲ್ಲುಕೆಲಸದೋರು ಹೆಸರು ಬರೆಯಲ್ಲ, ಗುರುತು ಕೆತ್ತತಾರೆ." ಕಲ್ಲಿನ ಹಿಂಬದಿಯ ಸಣ್ಣ ಬಾಣದ ಗುರುತನ್ನು ಗೆಡ್ಡಿಸ್ ಹೆಬ್ಬೆರಳಿನಿಂದ ಸವರಿದ. "ಇಷ್ಟೇ."

ಮೂರನೆಯ ದಿನ ಒಲೆ ಹತ್ತಿತು. ಎಲ್ಸ್‌ಪೆತ್ ದಿಂಬಿಗೊರಗಿ ಸಾರು ಕುಡಿದು, ಖಾಲಿ ಬಟ್ಟಲು ಚಾಚಿದಳು.

"ನಾನಿನ್ನು ಅಲುಗಾಡಲ್ಲ. ಪಾತ್ರೆ ತೊಳೆಯೋಕೆ ದಾರಿ ದಾಟೋ ಭಾಗ್ಯ ನಿಂದು."

"ಮಹಾರಾಣಿಯವರ ಅಪ್ಪಣೆ" ಅಂದ ಮರ್ಡೊ.

ನಡುದಾರಿಯಲ್ಲಿ ತಿರುಗಿ ನೋಡಿದ. ಎಡಗಡೆ ಹೊಗೆಗೂಡಿನಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಬಟ್ಟಲನ್ನು ಬಗಲಿಗಿಟ್ಟು, ಯಾರೆಂದೂ ತಿಳಿಯದ ಆ ಮನುಷ್ಯನಿಗಾಗಿ ಟೋಪಿ ತೆಗೆದು, ಹಿಮ ತಲೆಯ ಮೇಲೆ ಬೀಳುತ್ತಿದ್ದರೂ ಹಾಗೇ ನಿಂತ.

ಕಿಟಕಿ ಟಕಟಕ ಅಂದಿತು. "ಟೋಪಿ ಹಾಕ್ಕೊಳೋ! ನಿಂಗೂ ಕೆಮ್ಮು ಹಿಡಿದ್ರೆ ಇಲ್ಲಿರೋದು ಒಂದೇ ಮಂಚ!"